ತಟ್ಟೆಯಲ್ಲಿ ತೆರವಾದ ಜಾಗ: ವೀಗನ್ ಆಹಾರಕ್ರಮ ಆರಂಭಿಸುವವರು ಏನು ತಿನ್ನಬೇಕು?

ವೀಗನ್ ಆಹಾರಕ್ರಮಕ್ಕೆ ಹೊಸದಾಗಿ ಬಂದವರಲ್ಲಿ ಹೆಚ್ಚಿನವರು ಮೊದಲ ದಿನ ಮಾಡುವ ಕೆಲಸ ಒಂದೇ. ಅದುವರೆಗಿನ ಊಟದಿಂದ ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರು, ಬೆಣ್ಣೆಗಳನ್ನು ತೆಗೆದುಹಾಕಿ, ಉಳಿದದ್ದನ್ನು ಉಣ್ಣುತ್ತಾರೆ. ಉಳಿಯುವುದು ಸ್ವಲ್ಪ ಅನ್ನ ಅಥವಾ ಬ್ರೆಡ್ಡು, ಪಕ್ಕಕ್ಕೆ ಬೇಯಿಸಿದ ಒಂದು ತರಕಾರಿ, ಒಂದು ಬಟ್ಟಲು ಹಸಿ ಸೊಪ್ಪು. ಎರಡು ಮೂರು ಗಂಟೆ ಕಳೆಯುವಷ್ಟರಲ್ಲಿ ಹೊಟ್ಟೆ ಹಸಿಯುತ್ತದೆ, ಸಂಜೆಗೆ ಸುಸ್ತಾಗುತ್ತದೆ, ನಾಲ್ಕೈದು ದಿನಗಳಲ್ಲಿ ಈ ಕ್ರಮ ತನ್ನ ದೇಹಕ್ಕೆ ಒಗ್ಗುವುದಿಲ್ಲವೆಂಬ ತೀರ್ಮಾನವೂ ಗಟ್ಟಿಯಾಗುತ್ತದೆ. ಆದರೆ ಆ ವ್ಯಕ್ತಿ ಇನ್ನೂ ವೀಗನ್ ಆಹಾರವನ್ನು ತಿಂದೇ ಇಲ್ಲ. ಹಳೆಯ ಊಟದಲ್ಲಿ ಅರ್ಧವನ್ನು ಮಾತ್ರ ತಿಂದಿದ್ದಾನೆ.

ವೀಗನ್ ಎಂಬ ಪದದ ವ್ಯಾಪ್ತಿಯನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಸಸ್ಯಾಹಾರವೆಂದಾಗ ಹಾಲು, ಹಾಲಿನಿಂದಾದ ಪದಾರ್ಥಗಳು ಮತ್ತು ಜೇನುತುಪ್ಪ ಸಾಮಾನ್ಯವಾಗಿ ಅದರೊಳಗೇ ಸೇರಿರುತ್ತವೆ. ವೀಗನ್ ಕ್ರಮದಲ್ಲಿ ಪ್ರಾಣಿಗಳಿಂದ ಬಂದ ಯಾವ ಆಹಾರಕ್ಕೂ ಜಾಗವಿಲ್ಲ. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸಂಗಡಿಗರು ವೀಗನ್ ಸೊಸೈಟಿಯನ್ನು ಸ್ಥಾಪಿಸಿದಾಗ, ಹಾಲನ್ನೂ ಬಿಟ್ಟ ಸಸ್ಯಾಹಾರಿಗಳನ್ನು ಗುರುತಿಸಲು ಒಂದು ಹೊಸ ಪದ ಬೇಕಾಗಿತ್ತು. ಇಂಗ್ಲಿಷಿನ 'ವೆಜಿಟೇರಿಯನ್' ಪದದ ಮೊದಲ ಮೂರು ಮತ್ತು ಕೊನೆಯ ಎರಡು ಅಕ್ಷರಗಳನ್ನು ಕೂಡಿಸಿ ಅವರು ಅದನ್ನು ರೂಪಿಸಿಕೊಂಡರು.

ಈ ಲೇಖನ ಒಂದೇ ಒಂದು ವಿಚಾರವನ್ನು ಹಿಡಿದು ಮುಂದುವರಿಯುತ್ತದೆ. ನಾವು ಬಿಡುತ್ತಿರುವ ಪ್ರತಿಯೊಂದು ಪದಾರ್ಥವೂ ಅಡುಗೆಯಲ್ಲಿ ಮತ್ತು ದೇಹದಲ್ಲಿ ಕೆಲವು ನಿರ್ದಿಷ್ಟ ಕೆಲಸಗಳನ್ನು ಮಾಡುತ್ತಿತ್ತು. ಹಾಲು ಕಾಫಿಯನ್ನು ಬೆಳ್ಳಗೆ ಮಾಡುತ್ತಿತ್ತು, ಪ್ರೋಟೀನ್ ಕೊಡುತ್ತಿತ್ತು, ಕ್ಯಾಲ್ಸಿಯಂ ಒದಗಿಸುತ್ತಿತ್ತು, ಹೆಪ್ಪುಗಟ್ಟಿ ಮೊಸರಾಗುತ್ತಿತ್ತು. ಮೊಟ್ಟೆ ಹಿಟ್ಟನ್ನು ಬಂಧಿಸುತ್ತಿತ್ತು, ಕೇಕನ್ನು ಉಬ್ಬಿಸುತ್ತಿತ್ತು, ಹತ್ತು ನಿಮಿಷದಲ್ಲಿ ಒಂದು ಊಟವಾಗುತ್ತಿತ್ತು. 'ಹಾಲಿಗೆ ಬದಲಿ ಏನು' ಎಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. 'ಹಾಲಿನ ಈ ಕೆಲಸವನ್ನು ಇನ್ನು ಮುಂದೆ ಯಾವುದು ಮಾಡಬೇಕು' ಎಂದು ಕೇಳಿದರೆ ಪ್ರತಿ ಬಾರಿಯೂ ಸಿಗುತ್ತದೆ.

ಮೊದಲು ಹೊಟ್ಟೆ ತುಂಬಬೇಕು

ಪೋಷಕಾಂಶಗಳ ಚರ್ಚೆಗೆ ಮುನ್ನ ಹಸಿವಿನ ಲೆಕ್ಕವನ್ನು ನೋಡಬೇಕು, ಏಕೆಂದರೆ ಮೊದಲ ವಾರದಲ್ಲಿ ಜನರನ್ನು ಸೋಲಿಸುವುದು ಹಸಿವೇ. ನೂರು ಗ್ರಾಂ ಎಲೆಕೋಸಿನಲ್ಲಿ ಸುಮಾರು 25 ಕ್ಯಾಲೊರಿ ಇರುತ್ತದೆ, ಸೌತೆಕಾಯಿಯಲ್ಲಿ ಅದಕ್ಕಿಂತಲೂ ಕಡಿಮೆ. ಅಷ್ಟೇ ತೂಕದ ಅನ್ನದಲ್ಲಿ ಸುಮಾರು 130, ಬೆಂದ ಕಾಬೂಲಿ ಕಡಲೆಯಲ್ಲಿ ಸುಮಾರು 160, ಕಡಲೆಕಾಯಿ ಬೀಜದಲ್ಲಿ 560ಕ್ಕೂ ಹೆಚ್ಚು. ಮಾಂಸ, ಬೆಣ್ಣೆ, ಚೀಸ್‌ಗಳನ್ನು ತೆಗೆದು ಆ ಜಾಗವನ್ನು ಸೊಪ್ಪು ತರಕಾರಿಗಳಿಂದ ತುಂಬಿದರೆ ತಟ್ಟೆ ತುಂಬಿದಂತೆ ಕಾಣುತ್ತದೆಯೇ ಹೊರತು ದೇಹಕ್ಕೆ ಬೇಕಾದ ಶಕ್ತಿ ಅದರಲ್ಲಿ ಇರುವುದಿಲ್ಲ.

ಆದ್ದರಿಂದ ಪ್ರತಿ ಊಟದಲ್ಲಿ ನಾಲ್ಕು ಬಗೆಯ ಪದಾರ್ಥಗಳಿವೆಯೇ ಎಂದು ನೋಡಿಕೊಳ್ಳುವುದು ಸುಲಭದ ದಾರಿ. ಅಕ್ಕಿ, ಗೋಧಿ, ಜೋಳ, ಓಟ್ಸ್ ಅಥವಾ ಗೆಡ್ಡೆಗಳಂಥ ಪಿಷ್ಟದ ಆಧಾರ ಒಂದು. ಬೇಳೆ, ಕಾಳು ಅಥವಾ ಸೋಯಾ ಪದಾರ್ಥ ಇನ್ನೊಂದು. ತರಕಾರಿ ಮತ್ತು ಹಣ್ಣು ಮೂರನೆಯದು. ಎಣ್ಣೆಕಾಳು, ಬೀಜ, ತೆಂಗು ಅಥವಾ ಬೆಣ್ಣೆಹಣ್ಣಿನಂಥ ಕೊಬ್ಬಿನ ಮೂಲ ನಾಲ್ಕನೆಯದು. ಹೊಸಬರ ತಟ್ಟೆಯಲ್ಲಿ ಸಾಮಾನ್ಯವಾಗಿ ತಪ್ಪಿಹೋಗಿರುವುದು ಎರಡನೆಯದು ಮತ್ತು ನಾಲ್ಕನೆಯದು. ಹಸಿವಾಯಿತೆಂದಾಗ ಸೊಪ್ಪನ್ನು ಇನ್ನಷ್ಟು ಬಡಿಸಿಕೊಳ್ಳುವ ಬದಲು ಆ ಎರಡನ್ನು ಸೇರಿಸಿಕೊಂಡರೆ ಮಧ್ಯಾಹ್ನದ ಊಟ ಸಂಜೆಯವರೆಗೆ ನಿಲ್ಲುತ್ತದೆ.

ಪ್ರೋಟೀನಿನ ಪ್ರಶ್ನೆ

ವೀಗನ್ ಆದವರಿಗೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಪ್ರೋಟೀನಿನದು. ಈ ಆತಂಕ ಅಗತ್ಯಕ್ಕಿಂತ ದೊಡ್ಡದಾಗಿ ಬೆಳೆದಿದೆಯೆಂಬುದು ನನ್ನ ಅಭಿಪ್ರಾಯ. ಆದರೂ ಅದನ್ನು ತಳ್ಳಿಹಾಕದೆ ಲೆಕ್ಕ ಹಾಕಿ ತೋರಿಸುವುದೇ ಸರಿ. ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಬೇಕೆಂಬುದು ವ್ಯಾಪಕವಾಗಿ ಬಳಕೆಯಲ್ಲಿರುವ ಅಳತೆ. ಅರವತ್ತು ಕಿಲೋ ತೂಗುವವರಿಗೆ ಇದು 48 ಗ್ರಾಂ ಆಗುತ್ತದೆ. ಸಸ್ಯಮೂಲದ ಪ್ರೋಟೀನ್ ತುಸು ಕಡಿಮೆ ಜೀರ್ಣವಾಗುವುದರಿಂದ ಇದಕ್ಕಿಂತ ಸ್ವಲ್ಪ ಹೆಚ್ಚು ತಿನ್ನುವುದು ಕ್ಷೇಮ. ಬೆಂದ ಬೇಳೆ ಇನ್ನೂರು ಗ್ರಾಂ ತಿಂದರೆ ಸುಮಾರು 18 ಗ್ರಾಂ, ಸೋಯಾ ಹಾಲನ್ನು ಹೆಪ್ಪುಗಟ್ಟಿಸಿ ಮಾಡುವ ತೋಫುವಿನ ಗಟ್ಟಿ ಬಗೆಯನ್ನು ನೂರು ಗ್ರಾಂ ತಿಂದರೆ ಸುಮಾರು 15 ಗ್ರಾಂ, ಒಂದು ದೊಡ್ಡ ಲೋಟ ಸೋಯಾ ಹಾಲಿನಲ್ಲಿ ಸುಮಾರು 7 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಮತ್ತೆ 7 ಗ್ರಾಂ ಪ್ರೋಟೀನ್ ಸಿಗುತ್ತದೆ. ಇಷ್ಟಕ್ಕೇ 47 ಆಯಿತು; ದಿನವಿಡೀ ತಿನ್ನುವ ಧಾನ್ಯದಿಂದ ಬರುವ ಹತ್ತು ಹದಿನೈದು ಗ್ರಾಂ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಒಣಗಿದ ಸೋಯಾ ಉಂಡೆಗಳಲ್ಲಂತೂ ತೂಕದ ಅರ್ಧದಷ್ಟು ಪ್ರೋಟೀನೇ ಇರುತ್ತದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಪ್ರೋಟೀನು ಅಮೈನೋ ಆಮ್ಲಗಳಿಂದಾಗುತ್ತದೆ ಮತ್ತು ಅವುಗಳಲ್ಲಿ ಕೆಲವನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು. ಧಾನ್ಯಗಳಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ; ಬೇಳೆಕಾಳುಗಳಲ್ಲಿ ಅದು ಧಾರಾಳವಾಗಿದೆ, ಆದರೆ ಮೆಥಿಯೊನೀನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಎರಡನ್ನೂ ಒಂದೇ ತುತ್ತಿನಲ್ಲಿ, ಒಂದೇ ಊಟದಲ್ಲಿ ಬೆರೆಸಲೇಬೇಕೆಂಬ ಹಳೆಯ ಕಟ್ಟುನಿಟ್ಟನ್ನು ಈಗ ಪೋಷಣಾತಜ್ಞರು ಕೈಬಿಟ್ಟಿದ್ದಾರೆ. ದಿನದ ಅವಧಿಯಲ್ಲಿ ಎರಡೂ ಹೊಟ್ಟೆ ಸೇರಿದರೆ ಸಾಕು. ಬ್ರೆಡ್ಡು, ಅನ್ನ ಮತ್ತು ತರಕಾರಿಯಲ್ಲೇ ದಿನ ಕಳೆಯುವವರಿಗೆ ಮಾತ್ರ ಲೈಸೀನ್ ಕೊರತೆ ನಿಜವಾಗಿ ಎದುರಾಗಬಹುದು. ಗೋಧಿಯ ಅಂಟಿನಿಂದ ಮಾಡುವ ಸೈಟಾನ್ ಎಂಬ ಪದಾರ್ಥದಲ್ಲಿ ಪ್ರೋಟೀನ್ ವಿಪುಲವಾಗಿದ್ದರೂ ಲೈಸೀನ್ ಕಡಿಮೆಯೇ ಇರುವುದರಿಂದ ಅದನ್ನೊಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ.

ಕಾಳುಗಳನ್ನು ತಿನ್ನಲು ತೊಡಗಿದವರಿಗೆ ಹೊಟ್ಟೆಯುಬ್ಬರ ಬರುವುದುಂಟು. ಕಾಳುಗಳಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಸಣ್ಣಕರುಳಿನಲ್ಲಿಲ್ಲ. ಅವು ದೊಡ್ಡಕರುಳನ್ನು ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸಿ ಅನಿಲ ಉಂಟುಮಾಡುತ್ತವೆ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿದರೆ ಈ ತೊಂದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಮೊದಲು ಸಿಪ್ಪೆ ತೆಗೆದ ಬೇಳೆಗಳಿಂದ ಆರಂಭಿಸಿ, ದಿನಕ್ಕೆ ಅರ್ಧ ಬಟ್ಟಲಿನಂತೆ ತಿಂದು, ಕೆಲವು ವಾರಗಳಲ್ಲಿ ಪ್ರಮಾಣವನ್ನು ಏರಿಸುತ್ತ ಹೋದರೆ ಕರುಳು ಹೊಂದಿಕೊಳ್ಳುತ್ತದೆ. ನೀರನ್ನೂ ಹೆಚ್ಚು ಕುಡಿಯಬೇಕು, ಏಕೆಂದರೆ ನಾರಿನಂಶ ಏಕಾಏಕಿ ಹೆಚ್ಚಿ ನೀರು ಮೊದಲಿನಷ್ಟೇ ಉಳಿದರೆ ಮಲಬದ್ಧತೆಯಾಗುತ್ತದೆ.

ರಾಜ್ಮಾದ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಕೆಂಪು ರಾಜ್ಮಾದಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇರುತ್ತದೆ. ಅರೆಬೆಂದ ಕಾಳನ್ನು ತಿಂದ ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿ ಭೇದಿ ಶುರುವಾಗಬಹುದು. ಕನಿಷ್ಠ ಐದು ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಯುವಂತೆ ಅರ್ಧ ಗಂಟೆ ಬೇಯಿಸಿದರೆ ಆ ವಿಷ ನಾಶವಾಗುತ್ತದೆ. ಕುದಿಯುವ ಮಟ್ಟಕ್ಕೆ ಹೋಗದೆ ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ನಿಧಾನ ಕುಕ್ಕರ್‌ಗಳಲ್ಲಿ ಹಸಿ ರಾಜ್ಮಾವನ್ನು ನೇರವಾಗಿ ಹಾಕಬಾರದು. ಆ ಮಟ್ಟದ ಶಾಖದಲ್ಲಿ ವಿಷದ ಪ್ರಭಾವ ತಗ್ಗುವ ಬದಲು ಹೆಚ್ಚಬಹುದು.

ತೋಫುವನ್ನು ಒಮ್ಮೆ ತಿಂದು ಸಪ್ಪೆಯೆಂದು ಬಿಟ್ಟವರು ಬಹಳ ಮಂದಿ. ಪೊಟ್ಟಣದಿಂದ ತೆಗೆದ ತೋಫು ನೀರು ತುಂಬಿದ ಸ್ಪಂಜಿನಂತಿರುತ್ತದೆ. ಹಾಗೆಯೇ ಬಾಣಲೆಗೆ ಹಾಕಿದರೆ ಆ ನೀರೆಲ್ಲ ಆವಿಯಾಗುವವರೆಗೆ ಅದು ಬೇಯುತ್ತದೆಯೇ ಹೊರತು ಕಂದುಬಣ್ಣಕ್ಕೆ ತಿರುಗುವುದಿಲ್ಲ. ಗಟ್ಟಿ ತೋಫುವನ್ನು ಒಂದು ಶುದ್ಧ ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಭಾರದ ಪಾತ್ರೆಯನ್ನಿಟ್ಟು ಅರ್ಧ ಗಂಟೆ ಬಿಡಬೇಕು. ಬಟ್ಟೆ ಒದ್ದೆಯಾಗುತ್ತದೆ, ತೋಫು ತುಸು ತೆಳ್ಳಗಾಗುತ್ತದೆ. ಅದನ್ನು ತುಂಡು ಮಾಡಿ, ಉಪ್ಪು, ಖಾರ, ಸೋಯಾ ಸಾಸ್ ಸವರಿ, ಒಂದು ಚಮಚ ಮೆಕ್ಕೆಜೋಳದ ಪಿಷ್ಟ ಉದುರಿಸಿ ಹೊರಳಿಸಿ, ಕಾದ ಎಣ್ಣೆಯಲ್ಲಿ ಅಲುಗಾಡಿಸದೆ ಬಿಟ್ಟರೆ ನಾಲ್ಕು ನಿಮಿಷದಲ್ಲಿ ಅಡಿಭಾಗ ಹೊಂಬಣ್ಣಕ್ಕೆ ಬಂದು ತಾನಾಗಿಯೇ ತಳ ಬಿಡುತ್ತದೆ. ತೋಫುವನ್ನು ಮೊದಲೇ ಫ್ರೀಜರಿನಲ್ಲಿಟ್ಟು ಕರಗಿಸಿಕೊಂಡರೆ ಒಳಗಿನ ನೀರು ಮಂಜಿನ ಹರಳುಗಳಾಗಿ ಬಿಟ್ಟ ರಂಧ್ರಗಳಿಂದಾಗಿ ಅದು ಇನ್ನಷ್ಟು ಜಗಿಯುವಂತಾಗುತ್ತದೆ ಮತ್ತು ಮಸಾಲೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

ಹಾಲಿನ ಹಲವು ಕೆಲಸಗಳು

ಮಾಂಸವನ್ನು ಬಿಡುವುದಕ್ಕಿಂತ ಹಾಲನ್ನು ಬಿಡುವುದೇ ಅನೇಕರಿಗೆ ಕಷ್ಟವಾಗುತ್ತದೆ, ಏಕೆಂದರೆ ಅದು ದಿನದಲ್ಲಿ ಹಲವು ಬಾರಿ, ಹಲವು ರೂಪಗಳಲ್ಲಿ ಬಾಯಿಗೆ ಬರುವ ಪದಾರ್ಥ. ಅಂಗಡಿಗಳಲ್ಲಿ ಸಿಗುವ ಸಸ್ಯಮೂಲ ಹಾಲುಗಳೆಲ್ಲ ಒಂದೇ ಸಾಲಿನಲ್ಲಿ, ಒಂದೇ ಬಗೆಯ ಪೊಟ್ಟಣಗಳಲ್ಲಿ ಇರುತ್ತವೆಯಾದರೂ ಅವುಗಳ ಗುಣ ಬೇರೆ ಬೇರೆ. ಪ್ರೋಟೀನಿನ ದೃಷ್ಟಿಯಿಂದ ಹಸುವಿನ ಹಾಲಿಗೆ ಹತ್ತಿರವಿರುವುದು ಸೋಯಾ ಹಾಲು. ಬಾದಾಮಿ ಹಾಲಿನ ಹೆಚ್ಚಿನ ಭಾಗ ನೀರೇ ಆಗಿದ್ದು, ಒಂದು ಲೋಟದಲ್ಲಿ ಪ್ರೋಟೀನ್ ಸುಮಾರು ಒಂದು ಗ್ರಾಂ ಮಾತ್ರ. ಓಟ್ಸ್ ಹಾಲು ಸಕ್ಕರೆ ಹಾಕದಿದ್ದರೂ ಸಿಹಿಯಾಗಿರುತ್ತದೆ, ಏಕೆಂದರೆ ತಯಾರಿಯಲ್ಲಿ ಕಿಣ್ವಗಳು ಅದರ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆದಿರುತ್ತವೆ. ತೆಂಗಿನ ಹಾಲು ಅಡುಗೆಗೆ ಕೆನೆಯ ರುಚಿ ಕೊಡುತ್ತದೆ, ಪ್ರೋಟೀನನ್ನಲ್ಲ. ಕುಡಿಯಲು, ಪೋಷಣೆಗೆ ಸೋಯಾ, ಕಾಫಿಗೆ ಓಟ್ಸ್, ಮಸಾಲೆಯ ಗೊಜ್ಜಿಗೆ ತೆಂಗು ಅಥವಾ ನೆನೆಸಿ ರುಬ್ಬಿದ ಗೋಡಂಬಿ ಎಂದು ಕೆಲಸ ಹಂಚಿದರೆ ಅರ್ಧ ಗೊಂದಲ ಕಳೆಯುತ್ತದೆ. ಒಂದು ವರ್ಷದೊಳಗಿನ ಶಿಶುಗಳಿಗೆ ಮಾತ್ರ ಇವುಗಳಲ್ಲಿ ಯಾವುದೂ ಎದೆಹಾಲಿಗಾಗಲಿ, ಶಿಶುಗಳಿಗೆಂದೇ ತಯಾರಿಸಿದ ಆಹಾರಕ್ಕಾಗಲಿ ಬದಲಿಯಲ್ಲ.

ಬಿಸಿ ಕಾಫಿಗೆ ಸೋಯಾ ಹಾಲು ಹಾಕಿದಾಗ ಅದು ಒಡೆದು ಬಿಳಿಯ ಚೂರುಗಳಾಗಿ ತೇಲುವುದನ್ನು ಕಂಡು ಹಾಲು ಕೆಟ್ಟಿದೆಯೆಂದು ಚೆಲ್ಲುವವರಿದ್ದಾರೆ. ಹಾಲು ಕೆಟ್ಟಿರುವುದಿಲ್ಲ. ಕಾಫಿ ಆಮ್ಲೀಯ, ಆಮ್ಲ ಮತ್ತು ಶಾಖ ಒಟ್ಟಿಗೆ ಸಿಕ್ಕಿದಾಗ ಸೋಯಾ ಪ್ರೋಟೀನು ಗಟ್ಟಿಯಾಗಿ ಒಟ್ಟುಗೂಡುತ್ತದೆ. ಹಾಲನ್ನು ಮೊದಲು ಬೆಚ್ಚಗೆ ಮಾಡಿಕೊಂಡು, ಕುದಿ ಇಳಿದ ಕಾಫಿಯನ್ನು ಅದಕ್ಕೆ ನಿಧಾನವಾಗಿ ಸುರಿದರೆ ಒಡೆಯುವ ಸಂಭವ ಬಹಳ ಕಡಿಮೆ. ಇಂಥ ಸಣ್ಣ ವಿಷಯ ಗೊತ್ತಿಲ್ಲದೆ ಬೆಳಗಿನ ಮೊದಲ ಲೋಟವೇ ಹಾಳಾದರೆ ಇಡೀ ಪ್ರಯತ್ನವೇ ಬೇಸರ ತರಿಸುತ್ತದೆ. ಆದ್ದರಿಂದಲೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಾಲಿನ ಇನ್ನೊಂದು ಕೆಲಸ ಕ್ಯಾಲ್ಸಿಯಂ. ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಬೇಕು. ಸಸ್ಯಮೂಲ ಹಾಲಿನಲ್ಲಿ ಕ್ಯಾಲ್ಸಿಯಂ ತಾನಾಗಿ ಹೆಚ್ಚಿರುವುದಿಲ್ಲ. ತಯಾರಕರು ಬೆರೆಸಿದ್ದರೆ ಮಾತ್ರ ಇರುತ್ತದೆ. ಆದ್ದರಿಂದ ನೂರು ಮಿಲಿಲೀಟರಿಗೆ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಬೆರೆಸಿದ ಹಾಲನ್ನು ಹುಡುಕಬೇಕು, ಮತ್ತು ಬೆರೆಸಿದ ಕ್ಯಾಲ್ಸಿಯಂ ತಳದಲ್ಲಿ ಕೂರುವುದರಿಂದ ಪ್ರತಿ ಬಾರಿಯೂ ಪೊಟ್ಟಣವನ್ನು ಚೆನ್ನಾಗಿ ಕುಲುಕಿ ಸುರಿಯಬೇಕು. ಕ್ಯಾಲ್ಸಿಯಂ ಸಲ್ಫೇಟಿನಿಂದ ಹೆಪ್ಪುಗಟ್ಟಿಸಿದ ತೋಫು ಇನ್ನೊಂದು ಉತ್ತಮ ಮೂಲ. ಸೊಪ್ಪುಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇರುವುದು ನಿಜ, ಆದರೆ ಅದರಲ್ಲಿರುವ ಆಕ್ಸಲೇಟ್ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ದೇಹ ಹೀರಿಕೊಳ್ಳುವುದು ಶೇಕಡ 5ರಷ್ಟು ಮಾತ್ರ. ಹಾಲಿನ ಕ್ಯಾಲ್ಸಿಯಮ್ಮಿನಲ್ಲಿ ಮೂರನೇ ಒಂದರಷ್ಟು ದೇಹಕ್ಕೆ ಸೇರುತ್ತದೆ. ಕೇಲ್, ಬಾಕ್ ಚಾಯ್‌ನಂಥ ಕೋಸಿನ ಜಾತಿಯ ಸೊಪ್ಪುಗಳಲ್ಲಿ ಅದಕ್ಕಿಂತಲೂ ಹೆಚ್ಚು. ಪಾಲಕನ್ನು ಬೇರೆ ಗುಣಗಳಿಗಾಗಿ ತಿನ್ನೋಣ, ಕ್ಯಾಲ್ಸಿಯಮ್ಮಿಗಾಗಿ ಬೇಡ.

ಚೀಸ್‌ನ ವಿಷಯದಲ್ಲಿ ನನ್ನ ಸಲಹೆ ಸ್ವಲ್ಪ ಕಠಿಣವೆನ್ನಿಸಬಹುದು. ಮೊದಲ ತಿಂಗಳು ಅದರ ಸಸ್ಯಮೂಲ ನಕಲುಗಳ ಬೆನ್ನುಹತ್ತದಿರುವುದೇ ಒಳ್ಳೆಯದು. ಅವುಗಳಲ್ಲಿ ಬಹಳಷ್ಟು ಪಿಷ್ಟ ಮತ್ತು ತೆಂಗಿನೆಣ್ಣೆಯಿಂದಾದವು, ಪ್ರೋಟೀನ್ ಅತ್ಯಲ್ಪ. ಹಳೆಯ ರುಚಿಯ ನೆನಪು ತಾಜಾ ಇರುವಾಗ ನಕಲನ್ನು ತಿಂದರೆ ಅದು ಪ್ರತಿ ತುತ್ತಿನಲ್ಲೂ ಸೋಲುತ್ತದೆ. ಚೀಸ್‌ನಿಂದ ನಮಗೆ ಬೇಕಾಗಿದ್ದುದು ಮುಖ್ಯವಾಗಿ ಉಪ್ಪು, ಕೊಬ್ಬು ಮತ್ತು ಉಮಾಮಿ ಎಂಬ ಆಳದ ರುಚಿ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೇ ಇಕೆಡಾ ಕೊಂಬು ಎಂಬ ಕಡಲಕಳೆಯಲ್ಲಿ ಈ ರುಚಿಯ ಮೂಲ ಗ್ಲುಟಮೇಟ್ ಎಂದು ಗುರುತಿಸಿದರು. ಮಾಂಸದ ಸಾರಿನಲ್ಲಿ, ಹಳೆಯ ಚೀಸ್‌ನಲ್ಲಿ ಅದು ಇರುವಂತೆಯೇ ಒಣಗಿಸಿದ ಅಣಬೆ, ಗಟ್ಟಿಯಾಗಿ ಹುರಿದ ಟೊಮೇಟೊ, ಸೋಯಾ ಸಾಸ್, ಮಿಸೊ ಎಂಬ ಹುದುಗಿಸಿದ ಸೋಯಾ ಪೇಸ್ಟ್, ಅಡುಗೆಗೆ ಉದುರಿಸುವ ಒಣ ಪೌಷ್ಟಿಕ ಯೀಸ್ಟ್‌ಗಳಲ್ಲೂ ಇದೆ. ವೀಗನ್ ಅಡುಗೆಯಲ್ಲಿ ಏನೋ ಕೊರತೆಯಿದೆ ಎನ್ನಿಸಿದಾಗ ಬಹುತೇಕ ಕಾಣೆಯಾಗಿರುವುದು ಇದೇ ರುಚಿ. ಈರುಳ್ಳಿಯನ್ನು ಇನ್ನಷ್ಟು ಹೊತ್ತು ಕೆಂಪಗೆ ಹುರಿದು, ಒಂದು ಚಮಚ ಟೊಮೇಟೊ ಪೇಸ್ಟ್ ಸೇರಿಸಿ ಬಾಡಿಸಿದರೆ ಸಾರಿಗೆ ಮೈ ಬರುತ್ತದೆ.

ಮೊಟ್ಟೆಯ ಕೆಲಸಗಳು ಇಷ್ಟು ಜಟಿಲವಲ್ಲ. ಬಂಧಿಸಲು ಒಂದು ದೊಡ್ಡ ಚಮಚ ಅಗಸೆಪುಡಿಯನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಸಿಗುವ ಲೋಳೆ ಒಂದು ಮೊಟ್ಟೆಗೆ ಸಮ. ನೊರೆಗೆ ಕಾಬೂಲಿ ಕಡಲೆ ಬೆಂದ ಗಟ್ಟಿ ನೀರು ಸಾಕು. 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ಎಂಬ ಸಂಗೀತಗಾರ ಈ ನೀರು ಮೊಟ್ಟೆಯ ಬಿಳಿಯಂತೆ ನೊರೆಗಟ್ಟುವುದನ್ನು ತೋರಿಸಿಕೊಟ್ಟರು, ಮರುವರ್ಷ ಅದಕ್ಕೆ ಅಕ್ವಾಫಾಬಾ ಎಂಬ ಹೆಸರು ಬಿತ್ತು. ಅವಸರದ ಬೆಳಗಿನ ಊಟಕ್ಕೆ ತೋಫುವನ್ನು ಕೈಯಿಂದ ಪುಡಿಮಾಡಿ ಅರಿಸಿನ, ಈರುಳ್ಳಿಯೊಂದಿಗೆ ಹುರಿದರಾಯಿತು.

ಬಿ12: ತಟ್ಟೆಯಲ್ಲಿ ಸಿಗದ ಒಂದೇ ವಸ್ತು

ಇದುವರೆಗಿನ ಎಲ್ಲ ಕೆಲಸಗಳಿಗೂ ಯಾವುದಾದರೂ ಸಸ್ಯ ಸಿಕ್ಕಿತು. ಒಂದು ಕೆಲಸಕ್ಕೆ ಮಾತ್ರ ಯಾವ ಸಸ್ಯವೂ ಸಿಗುವುದಿಲ್ಲ, ಮತ್ತು ಈ ಮಾತನ್ನು ಮೃದುಗೊಳಿಸಿ ಹೇಳುವುದು ಓದುಗರಿಗೆ ಮಾಡುವ ಅನ್ಯಾಯವಾಗುತ್ತದೆ. ವಿಟಮಿನ್ ಬಿ12 ಅನ್ನು ಸಸ್ಯಗಳೂ ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ. ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾತ್ರ ತಯಾರಿಸುತ್ತವೆ. ಅದು ಪ್ರಾಣಿಗಳ ದೇಹದಲ್ಲಿ ಸಂಗ್ರಹವಾಗಿ ಮಾಂಸ, ಹಾಲು, ಮೊಟ್ಟೆಗಳ ಮೂಲಕ ಮನುಷ್ಯರಿಗೆ ಬರುತ್ತದೆ. ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಾಗಿ ಬಿ12ರ ರೂಪವನ್ನಷ್ಟೇ ಹೋಲುವ, ಮನುಷ್ಯರ ದೇಹದಲ್ಲಿ ಕೆಲಸ ಮಾಡದ ವಸ್ತು. ತೊಳೆಯದ ತರಕಾರಿ, ಹುದುಗಿಸಿದ ಆಹಾರ, ಕಡಲಕಳೆ ಇವುಗಳನ್ನು ನಂಬಿಕೊಂಡು ಕೂರುವಂತಿಲ್ಲ. ಪೌಷ್ಟಿಕ ಯೀಸ್ಟ್‌ನಲ್ಲಿಯೂ ತಯಾರಕರು ಬೆರೆಸಿದ್ದರೆ ಮಾತ್ರ ಅದು ಇರುತ್ತದೆ.

ಇದರ ಅಪಾಯ ತಡವಾಗಿ ತಿಳಿಯುತ್ತದೆ. ಯಕೃತ್ತಿನಲ್ಲಿ ಸಂಗ್ರಹವಾಗಿರುವ ಬಿ12 ಕೆಲವು ವರ್ಷಗಳವರೆಗೂ ಸಾಕಾಗಬಹುದು. ವೀಗನ್ ಆಗಿ ಒಂದು ವರ್ಷವಾದರೂ ಏನೂ ಆಗಿಲ್ಲವೆಂದು ನೆಮ್ಮದಿಯಿಂದಿರುವವರು ವಾಸ್ತವದಲ್ಲಿ ಹಳೆಯ ಉಳಿತಾಯವನ್ನು ಖರ್ಚು ಮಾಡುತ್ತಿರುತ್ತಾರೆ. ಅದು ಮುಗಿದಾಗ ರಕ್ತಹೀನತೆ, ಕೈಕಾಲುಗಳಲ್ಲಿ ಜೋಮು, ಮರೆವು, ನಡಿಗೆಯಲ್ಲಿ ಅಸ್ಥಿರತೆ ಕಾಣಿಸಬಹುದು. ನರಗಳಿಗಾದ ಹಾನಿ ಕೆಲವೊಮ್ಮೆ ಶಾಶ್ವತವಾಗಿ ಉಳಿಯುತ್ತದೆ. ಸೊಪ್ಪು ಕಾಳುಗಳಲ್ಲಿ ಧಾರಾಳವಾಗಿರುವ ಫೋಲೇಟ್ ರಕ್ತಹೀನತೆಯ ಲಕ್ಷಣವನ್ನು ಮರೆಮಾಚುವುದರಿಂದ ನರಗಳ ತೊಂದರೆಯೇ ಮೊದಲು ಕಾಣಿಸಿಕೊಳ್ಳುವುದೂ ಉಂಟು.

ಪರಿಹಾರ ಮಾತ್ರ ಸರಳ. ವಯಸ್ಕರ ದೈನಂದಿನ ಅಗತ್ಯ 2.4 ಮೈಕ್ರೊಗ್ರಾಂ ಆಸುಪಾಸಿನದು. ವೀಗನ್ ಸೊಸೈಟಿಯ ಸಲಹೆಯಂತೆ, ಬಿ12 ಬೆರೆಸಿದ ಆಹಾರವನ್ನು ದಿನಕ್ಕೆ ಎರಡು ಮೂರು ಬಾರಿ ತಿಂದು ಒಟ್ಟು ಕನಿಷ್ಠ 3 ಮೈಕ್ರೊಗ್ರಾಂ ಪಡೆಯಬಹುದು. ಇಲ್ಲವೇ ದಿನಕ್ಕೊಮ್ಮೆ ಕನಿಷ್ಠ 10 ಮೈಕ್ರೊಗ್ರಾಮಿನ ಮಾತ್ರೆ ಅಥವಾ ವಾರಕ್ಕೊಮ್ಮೆ ಕನಿಷ್ಠ 2000 ಮೈಕ್ರೊಗ್ರಾಮಿನ ಮಾತ್ರೆ ತೆಗೆದುಕೊಳ್ಳಬಹುದು. ಈ ಅಂಕಿಗಳ ನಡುವಿನ ಅಂತರ ವಿಚಿತ್ರವೆನ್ನಿಸಿದರೂ ಅದಕ್ಕೊಂದು ಕಾರಣವಿದೆ. ಜಠರದಲ್ಲಿ ಸ್ರವಿಸುವ ಒಂದು ಪ್ರೋಟೀನು ಬಿ12 ಅನ್ನು ಹಿಡಿದು ಕರುಳಿನ ಗೋಡೆ ದಾಟಿಸುತ್ತದೆ. ಅದು ಒಂದು ಸಲಕ್ಕೆ ಸಾಗಿಸಬಲ್ಲದ್ದು ಒಂದೂವರೆ ಎರಡು ಮೈಕ್ರೊಗ್ರಾಂ ಮಾತ್ರ. ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಸುಮಾರು ನೂರರಲ್ಲೊಂದು ಪಾಲು ಮಾತ್ರ ತಾನಾಗಿ ಒಳಸೇರುತ್ತದೆ. ಸ್ವಲ್ಪಸ್ವಲ್ಪವಾಗಿ ಪದೇ ಪದೇ ತಿಂದರೆ ಕಡಿಮೆ ಸಾಕು, ಅಪರೂಪಕ್ಕೆ ತಿಂದರೆ ಬಹಳ ಬೇಕು. ಈ ಮಾತ್ರೆಯನ್ನು ಮೊದಲ ದಿನದಿಂದಲೇ ಆರಂಭಿಸಬೇಕು.

ಇನ್ನುಳಿದ ಕೆಲವು ಪೋಷಕಾಂಶಗಳಿಗೆ ಇಷ್ಟು ಆತಂಕ ಬೇಕಿಲ್ಲ, ಗಮನ ಸಾಕು. ಬೇಳೆಕಾಳು, ಎಳ್ಳು, ಕುಂಬಳಬೀಜ, ತೋಫುಗಳಲ್ಲಿ ಕಬ್ಬಿಣಾಂಶವಿದೆ, ಆದರೆ ಅದು ಮಾಂಸದಲ್ಲಿರುವುದಕ್ಕಿಂತ ಕಷ್ಟದಿಂದ ಹೀರಲ್ಪಡುವ ರೂಪದ್ದು. ಊಟದ ಜೊತೆ ನಿಂಬೆರಸ, ಟೊಮೇಟೊ, ದಪ್ಪ ಮೆಣಸಿನಕಾಯಿ, ಕಿತ್ತಳೆಯಂಥ ವಿಟಮಿನ್ ಸಿ ಇರುವ ಪದಾರ್ಥವಿದ್ದರೆ ಅದರ ಹೀರಿಕೆ ಗಣನೀಯವಾಗಿ ಹೆಚ್ಚುತ್ತದೆ. ಊಟದೊಂದಿಗೇ ಚಹಾ ಅಥವಾ ಕಾಫಿ ಕುಡಿದರೆ ಕುಗ್ಗುತ್ತದೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿರಲಿ. ನೆನೆಸುವುದು, ಮೊಳಕೆ ಬರಿಸುವುದು, ಹುದುಗಿಸುವುದು ಇವೆಲ್ಲ ಕಾಳಿನಲ್ಲಿರುವ ಫೈಟೇಟನ್ನು ಕಡಿಮೆ ಮಾಡಿ ಕಬ್ಬಿಣ ಮತ್ತು ಸತುವಿನ ಹೀರಿಕೆಯನ್ನು ಸುಗಮಗೊಳಿಸುತ್ತವೆ. ಅಯೋಡಿನ್ ಯುಕ್ತ ಉಪ್ಪನ್ನು ಬಳಸುತ್ತಿದ್ದರೆ ಅಯೋಡಿನ್ನಿನ ಚಿಂತೆಯಿಲ್ಲ. ಕಲ್ಲುಪ್ಪು, ಸಮುದ್ರದ ಉಪ್ಪಿಗೆ ಬದಲಾಯಿಸಿದವರು ಈ ಬಗ್ಗೆ ಯೋಚಿಸಬೇಕು. ಒಮೇಗಾ-3ಕ್ಕೆ ದಿನಕ್ಕೊಂದು ದೊಡ್ಡ ಚಮಚ ಅಗಸೆಪುಡಿ ಸಾಕು, ಇಡೀ ಬೀಜ ಜೀರ್ಣವಾಗದೆ ಹಾಗೆಯೇ ಹೊರಹೋಗುವುದರಿಂದ ಪುಡಿಯನ್ನೇ ತಿನ್ನಬೇಕು ಮತ್ತು ಬೇಗ ಕಮಟು ಹಿಡಿಯುವುದರಿಂದ ಅದನ್ನು ಫ್ರಿಜ್ಜಿನಲ್ಲಿಡಬೇಕು. ಮೀನಿನಲ್ಲಿರುವ ಡಿಎಚ್‌ಎ ಎಂಬ ರೂಪವೇ ಬೇಕೆನ್ನುವವರಿಗೆ ಪಾಚಿಯಿಂದ ತೆಗೆದ ಎಣ್ಣೆಯಿದೆ. ಮೀನಿಗೂ ಅದು ಮೂಲದಲ್ಲಿ ಪಾಚಿಯಿಂದಲೇ ಬರುತ್ತದೆ. ಬಿಸಿಲು ಸಾಲದವರು ತೆಗೆದುಕೊಳ್ಳುವ ವಿಟಮಿನ್ ಡಿ3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾದದ್ದು; ಕಲ್ಲುಹೂವಿನ ಜಾತಿಯ ಜೀವಿಗಳಿಂದ ತೆಗೆದ ಡಿ3 ಕೂಡ ಸಿಗುತ್ತದೆ.

ಪೊಟ್ಟಣದ ಹಿಂಬದಿ

ಬಿಡಿ ಧಾನ್ಯ, ಕಾಳು, ತರಕಾರಿಗಳನ್ನು ಕೊಳ್ಳುವವರಿಗೆ ಓದಬೇಕಾದ್ದೇನೂ ಇಲ್ಲ. ಪೊಟ್ಟಣದ ಆಹಾರದಲ್ಲಿ ಮಾತ್ರ ಪ್ರಾಣಿಮೂಲದ ವಸ್ತುಗಳು ಅಪರಿಚಿತ ಹೆಸರುಗಳಲ್ಲಿ ಅಡಗಿರುತ್ತವೆ. ಕೇಸಿನ್, ಕೇಸಿನೇಟ್, ವೇ ಪುಡಿ, ಲ್ಯಾಕ್ಟೋಸ್ ಇವೆಲ್ಲ ಹಾಲಿನವು; ಅಲ್ಬುಮಿನ್ ಸಾಮಾನ್ಯವಾಗಿ ಮೊಟ್ಟೆಯದು; ಜೆಲಾಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಯದು. ಬೆರೆಸಿದ ವಸ್ತುಗಳನ್ನು ಸೂಚಿಸುವ ಸಂಕೇತಗಳಲ್ಲಿ ಇ 120 ಎಂದರೆ ಕೀಟಗಳಿಂದ ತೆಗೆದ ಕೆಂಪು ಬಣ್ಣ, ಇ 901 ಎಂದರೆ ಜೇನುಮೇಣ, ಇ 904 ಎಂದರೆ ಮಿಠಾಯಿಗಳಿಗೆ ಹೊಳಪು ಕೊಡಲು ಸವರುವ ಅರಗು. ಹಾಲುರಹಿತ ಎಂದು ಬರೆದ, ಹಾಲಿನ ಬದಲು ಕಾಫಿಗೆ ಬೆರೆಸುವ ಕ್ರೀಮರ್ ಪುಡಿಗಳಲ್ಲೂ ಕೇಸಿನೇಟ್ ಇರುವುದುಂಟು. ಇದಕ್ಕೆ ವಿರುದ್ಧವಾಗಿ, ಹೆಸರು ಕೇಳಿ ಅನುಮಾನಿಸಬೇಕಿಲ್ಲದವೂ ಇವೆ: ಕೋಕೋ ಬಟರ್ ಪೂರ್ತಿಯಾಗಿ ಸಸ್ಯದ್ದು, ಲ್ಯಾಕ್ಟಿಕ್ ಆಮ್ಲವನ್ನು ಸಾಮಾನ್ಯವಾಗಿ ಸಸ್ಯದ ಸಕ್ಕರೆಯನ್ನು ಹುದುಗಿಸಿ ತಯಾರಿಸುತ್ತಾರೆ. 'ಹಾಲಿನ ಅಂಶ ಇರಬಹುದು' ಎಂಬ ಸೂಚನೆ ಅಲರ್ಜಿ ಇರುವವರಿಗಾಗಿ ಬರೆದದ್ದು; ಅದೇ ಕಾರ್ಖಾನೆಯಲ್ಲಿ ಹಾಲಿನ ಪದಾರ್ಥಗಳೂ ತಯಾರಾಗುತ್ತವೆ ಎಂಬುದಷ್ಟೇ ಅದರ ಅರ್ಥ. ವೀಗನ್ ಎಂಬ ಮುದ್ರೆ ಇದ್ದ ಮಾತ್ರಕ್ಕೆ ಬಿಸ್ಕತ್ತು, ಚಿಪ್ಸುಗಳು ಪೌಷ್ಟಿಕವಾಗುವುದಿಲ್ಲವೆಂಬುದನ್ನೂ ಮರೆಯಬಾರದು.

ಎಲ್ಲಿಂದ ಆರಂಭಿಸಬೇಕು

ಹೊಸ ಪಾಕವಿಧಾನಗಳನ್ನು ಹುಡುಕುವ ಮೊದಲು ಕಳೆದ ಎರಡು ವಾರಗಳಲ್ಲಿ ತಿಂದ ಊಟಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಅವುಗಳಲ್ಲಿ ಕೆಲವು ಈಗಾಗಲೇ ವೀಗನ್ ಆಗಿರುತ್ತವೆ. ಇನ್ನು ಕೆಲವು ಒಂದೇ ಒಂದು ವಸ್ತುವಿನಿಂದ ದೂರ ಉಳಿದಿರುತ್ತವೆ: ಒಗ್ಗರಣೆಗೆ ಬೆಣ್ಣೆಯ ಬದಲು ಎಣ್ಣೆ, ಓಟ್ಸಿಗೆ ಹಸುವಿನ ಹಾಲಿನ ಬದಲು ಸೋಯಾ ಹಾಲು, ಮಾಂಸದ ಜಾಗದಲ್ಲಿ ರಾಜ್ಮಾ ಅಥವಾ ಅಣಬೆ. ಉಳಿದವುಗಳನ್ನು ಸದ್ಯಕ್ಕೆ ಪಕ್ಕಕ್ಕಿಡಬಹುದು. ಸಾಮಾನ್ಯವಾಗಿ ಮನುಷ್ಯರು ಹತ್ತು ಹನ್ನೆರಡು ಅಡುಗೆಗಳನ್ನೇ ಮತ್ತೆ ಮತ್ತೆ ಮಾಡಿ ಉಣ್ಣುತ್ತಾರೆ. ಅಷ್ಟು ಅಡುಗೆಗಳು ಕೈಗೆ ಹತ್ತಿದರೆ ಬದುಕು ನಡೆಯುತ್ತದೆ. ಮೊದಲ ವಾರ ಬೆಳಗಿನ ಊಟವನ್ನು ಮಾತ್ರ ಬದಲಿಸಿ, ಮುಂದಿನ ವಾರ ಮಧ್ಯಾಹ್ನದ್ದನ್ನು, ಆಮೇಲೆ ರಾತ್ರಿಯದನ್ನು ಬದಲಿಸುವವರಿಗೆ ಕರುಳು ಹೊಂದಿಕೊಳ್ಳಲೂ ಸಮಯ ಸಿಗುತ್ತದೆ, ಕೈ ಪಳಗಲೂ ಸಮಯ ಸಿಗುತ್ತದೆ. ಒಂದೇ ದಿನದಲ್ಲಿ ಎಲ್ಲವನ್ನೂ ಬಿಡಲು ಮನಸ್ಸು ಗಟ್ಟಿ ಮಾಡಿಕೊಂಡವರು ವಾರಕ್ಕೊಮ್ಮೆ ಒಂದು ದೊಡ್ಡ ಪಾತ್ರೆಯಲ್ಲಿ ಕಾಳು ಬೇಯಿಸಿ, ಬಟ್ಟಲುಗಳಲ್ಲಿ ಹಂಚಿ ಫ್ರೀಜರಿನಲ್ಲಿಟ್ಟುಕೊಳ್ಳಲಿ. ದಣಿದು ಮನೆಗೆ ಬಂದಾಗ ಬೆಂದ ಕಾಳು ಸಿದ್ಧವಿದ್ದರೆ ಊಟಕ್ಕೆ ಹದಿನೈದು ನಿಮಿಷ ಸಾಕು.

ಹೊರಗೆ ಉಣ್ಣುವಾಗ 'ಇದು ವೀಗನ್ ಆಹಾರವೇ' ಎಂದು ಕೇಳಿದರೆ ಸಿಗುವ ಉತ್ತರ ಯಾವಾಗಲೂ ನಂಬುವಂಥದ್ದಲ್ಲ, ಏಕೆಂದರೆ ಬಡಿಸುವವರು ಆ ಪದವನ್ನು ಬೇರೆ ಅರ್ಥದಲ್ಲಿ ಗ್ರಹಿಸಿರಬಹುದು. 'ಇದರಲ್ಲಿ ಹಾಲು, ಬೆಣ್ಣೆ, ಕೆನೆ, ಮೊಟ್ಟೆ ಇವೆಯೇ, ಸಾರನ್ನು ಮಾಂಸದ ಅಥವಾ ಮೀನಿನ ನೀರಿನಲ್ಲಿ ಮಾಡಿದ್ದೀರಾ' ಎಂದು ವಸ್ತುಗಳ ಹೆಸರು ಹಿಡಿದು ಕೇಳುವುದು ಹೆಚ್ಚು ಪ್ರಯೋಜನಕಾರಿ.

ಕೆಲವರು ಮಾತ್ರ ಆರಂಭಕ್ಕೆ ಮುನ್ನವೇ ವೈದ್ಯರನ್ನೋ ಆಹಾರತಜ್ಞರನ್ನೋ ಕಾಣಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು ಮತ್ತು ವೃದ್ಧರ ಅಗತ್ಯಗಳು ಬೇರೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಆ ಔಷಧವೇ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಥೈರಾಯ್ಡ್ ಮಾತ್ರೆ ನುಂಗುವವರು ಸೋಯಾ ಪದಾರ್ಥ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳನ್ನು ಅದರಿಂದ ಕೆಲವು ಗಂಟೆ ದೂರ ಇಡಬೇಕು, ಏಕೆಂದರೆ ಅವು ಔಷಧ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ದಿಢೀರನೆ ಏರಿಸಿದರೆ ಅದರಲ್ಲಿರುವ ವಿಟಮಿನ್ ಕೆ ಔಷಧದ ಪ್ರಭಾವವನ್ನು ಕುಗ್ಗಿಸುತ್ತದೆ. ಉಳಿದವರೂ ಆರಂಭದಲ್ಲಿ ಒಮ್ಮೆ, ವರ್ಷದ ನಂತರ ಒಮ್ಮೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ಸಂಗ್ರಹವನ್ನು ತೋರಿಸುವ ಅಂಶ), ಬಿ12 ಮತ್ತು ವಿಟಮಿನ್ ಡಿ ಪರೀಕ್ಷೆ ಮಾಡಿಸಿ ಎರಡೂ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಉತ್ತಮ. ಕಬ್ಬಿಣದ ಮಾತ್ರೆಯನ್ನು ಆ ವರದಿಯಲ್ಲಿ ಕೊರತೆ ಕಂಡುಬಂದ ಮೇಲೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರ ತೆಗೆದುಕೊಳ್ಳಬೇಕು. ಬಿ12 ಮಾತ್ರೆಗೆ ಯಾವ ವರದಿಗೂ ಕಾಯಬೇಕಿಲ್ಲ, ಆದರೆ ರಕ್ತ ಪರೀಕ್ಷೆಗೆ ಕೊಟ್ಟ ಮೇಲೆಯೇ ಮೊದಲ ಮಾತ್ರೆ ನುಂಗಿದರೆ ಆರಂಭದ ಅಂಕಿ ಸರಿಯಾಗಿ ಸಿಗುತ್ತದೆ.